ಲೂಯಿ ಪಾಶ್ಚರ್ ಮತ್ತು ಶಾಪದ ಹೊಲಗಳು

ಪ್ಯಾರಿಸ್ ನಗರದ ನೈಋತ್ಯಕ್ಕೆ, ಶಾರ್ತ್ರ್ ಪಟ್ಟಣವನ್ನು ಬಳಸಿಕೊಂಡು, ಬೋಸ್ ಎಂಬ ಬಯಲುಸೀಮೆಯೊಂದುಂಟು. ಗೋಧಿಗೂ ಕುರಿಗೂ ಹೆಸರಾದ ನಾಡು ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಒಕ್ಕಲಿಗರು ತಮ್ಮ ಹೊಲಗಳಲ್ಲಿ ಕೆಲವನ್ನು ಶಾಪದ ಹೊಲಗಳೆಂದು ಕರೆಯುತ್ತಿದ್ದರು. ಬೆಳಗ್ಗೆ ಮೇಯಲು ಬಿಟ್ಟಾಗ ಕುರಿ ಚೆನ್ನಾಗಿಯೇ ಇರುವುದು. ಹೊತ್ತೇರುತ್ತಿದ್ದಂತೆ ಮಂದೆಯಿಂದ ಹಿಂದುಳಿದು ತಲೆ ತಗ್ಗಿಸಿ ನಿಲ್ಲುವುದು. ಕಾಲು ನಡುಗಿ ಏದುಸಿರು ಬರುವುದು. ಕುರಿಗಾಹಿ ಹತ್ತಿರ ಹೋಗುವಷ್ಟರಲ್ಲಿ ಬಿದ್ದು ಸತ್ತಿರುವುದು. ಕೊಯ್ದು ನೋಡಿದರೆ ಗುಲ್ಮವು ಊದಿಕೊಂಡು, ರಕ್ತವು ಇದ್ದಿಲು ಕದಡಿದ ನೀರಿನಂತೆ ಕಪ್ಪಾಗಿ ಕಾಣುವುದು. ಆ ಕಪ್ಪನ್ನು ಕಂಡೇ ಫ್ರೆಂಚರು ರೋಗಕ್ಕೆ ಶಾರ್ಬೋನ್, ಎಂದರೆ ಇದ್ದಿಲು, ಎಂದು ಹೆಸರಿಟ್ಟರು. ಆಂಥ್ರಾಕ್ಸ್ ಎಂಬ ಗ್ರೀಕ್ ಮಾತಿಗೂ ಅದೇ ಅರ್ಥ. ನಮ್ಮ ಪಶುವೈದ್ಯರು ನೆರಡಿ ರೋಗವೆನ್ನುವುದು ಇದನ್ನೇ.

ರೋಗವು ಪಶುಗಳಲ್ಲಿಯೇ ನಿಲ್ಲುವುದಾಗಿದ್ದರೆ ಅದು ಬಡತನದ ಮಾತು ಮಾತ್ರವಾಗುತ್ತಿತ್ತು. ಸತ್ತ ಕುರಿಯ ತೊಗಲು ಸುಲಿದವನ, ಮಾಂಸ ಕೊಯ್ದವನ, ಉಣ್ಣೆ ಹಿಂಜಿದವನ ಕೈಮೇಲೋ ಕತ್ತಿನ ಮೇಲೋ ನೋವಿಲ್ಲದ ಒಂದು ಗುಳ್ಳೆ ಏಳುವುದು. ಅದು ಒಡೆದು ನಡುವೆ ಕಪ್ಪಾಗುವುದು. ಕೆಲವರು ಬದುಕುವರು, ಕೆಲವರು ವಾರ ಕಳೆಯುವ ಮೊದಲೇ ಸಾಯುವರು. ಕಾರಣವೇನೆಂದು ಕೇಳಿದರೆ ಊರಿಗೊಂದು ಉತ್ತರ. ಮಣ್ಣಿನ ದೋಷವೆಂದು ಕೆಲವರು. ಮೇವು ಕೊಬ್ಬಿ ರಕ್ತ ಉಕ್ಕಿತೆಂದು ಕೆಲವರು. ಆಗದವರು ಮಾಡಿಸಿದ ಮಾಟವೆಂದು ಮತ್ತೆ ಕೆಲವರು. ಸತ್ತ ಪ್ರಾಣಿಯನ್ನು ಬಿದ್ದಲ್ಲಿಯೇ ಗುಂಡಿ ತೋಡಿ ಹೂಳುವುದು, ಮರುವರ್ಷ ಅದೇ ಹೊಲಕ್ಕೆ ಮಂದೆ ಬಿಡುವುದು ವಾಡಿಕೆ. ಕೆಲವು ಮಂದೆಗಳಲ್ಲಿ ವರ್ಷಕ್ಕೆ ನೂರಕ್ಕೆ 20 ಕುರಿಗಳು ಹೋದದ್ದುಂಟು.

1878ರಲ್ಲಿ ಫ್ರಾನ್ಸಿನ ಕೃಷಿ ಮಂತ್ರಾಲಯವು ಈ ರೋಗವನ್ನು ಪರಿಶೀಲಿಸುವುದಕ್ಕೆ ಬೋಸ್ ಸೀಮೆಗೆ ಒಬ್ಬನನ್ನು ಕಳಿಸಿತು. ಐವತ್ತೈದು ವರ್ಷದ ಪ್ರಾಯ, ಎಡಗೈ ಎಡಗಾಲುಗಳಲ್ಲಿ ಪಾರ್ಶ್ವವಾಯುವಿನ ಶೇಷ, ನಡೆಯುವಾಗ ಕಾಲೆಳೆತ. ವೈದ್ಯನಲ್ಲ, ಪಶುವೈದ್ಯನೂ ಅಲ್ಲ. ರಸಾಯನಶಾಸ್ತ್ರದ ಪಂಡಿತ. ಅವನ ಹೆಸರು ಲೂಯಿ ಪಾಶ್ಚರ್.

ಪಾಶ್ಚರನು ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಜುರಾ ಪರ್ವತಸೀಮೆಯ ದೋಲ್ ಎಂಬ ಊರಿನಲ್ಲಿ. ತಂದೆ ಜಾನ್ ಜೋಸೆಫ್ ನೆಪೋಲಿಯನ್ನನ ದಂಡಿನಲ್ಲಿ ಹೋರಾಡಿ ಗೌರವಪದಕ ಪಡೆದವನು. ದಂಡು ಕರಗಿದ ಮೇಲೆ ಕುಲಕಸುಬಾದ ಚರ್ಮ ಹದಮಾಡುವ ಕೆಲಸಕ್ಕೆ ಮರಳಿದವನು. ಮಗ ಚಿಕ್ಕವನಿರುವಾಗಲೇ ಸಂಸಾರವು ಆರ್ಬ್ವಾ ಎಂಬ ಸಣ್ಣ ಪಟ್ಟಣಕ್ಕೆ ಬಂದು ಹೊಳೆಯ ದಂಡೆಯಲ್ಲಿ ನೆಲಸಿತು. ದನದ ತೊಗಲಿನ ವಾಸನೆಯ ನಡುವೆಯೇ ಹುಡುಗ ಬೆಳೆದನು. ಶಾಲೆಯಲ್ಲಿ ಅಂಥ ಚುರುಕೇನೂ ಕಾಣಲಿಲ್ಲ. ಚಿತ್ರ ಬರೆಯುವುದರಲ್ಲಿ ಮಾತ್ರ ಕೈ ಪಳಗಿತ್ತು. ಹದಿಮೂರರ ಹುಡುಗ ಬರೆದ ತಾಯಿಯ ಚಿತ್ರವನ್ನು ಇಂದು ನೋಡಿದರೂ ಆ ಮುಖದ ಗಾಂಭೀರ್ಯ ಮರೆಯುವಂತಿಲ್ಲ. ಕಂಡದ್ದನ್ನು ಕಂಡಂತೆ ಗುರುತಿಸುವ ಆ ಕಣ್ಣು ಮುಂದೆ ಬೇರೆ ಕೆಲಸಕ್ಕೆ ಬಂದಿತು.

ಆರ್ಬ್ವಾದಲ್ಲಿ ಅವನಿಗೆ ಒಂಬತ್ತು ತುಂಬುವ ಮೊದಲೇ ಒಂದು ಘಟನೆ ನಡೆಯಿತು. 1831ರ ಶರತ್ಕಾಲದಲ್ಲಿ ಹುಚ್ಚು ಹಿಡಿದ ತೋಳವೊಂದು ಬೆಟ್ಟದಿಂದಿಳಿದು ದಾರಿಯುದ್ದಕ್ಕೂ ದನ ಮನುಷ್ಯರೆನ್ನದೆ ಕಚ್ಚುತ್ತ ಹೋಯಿತು. ಕಚ್ಚಿಸಿಕೊಂಡವರನ್ನು ಪಾಶ್ಚರನ ಮನೆಗೆ ಸಮೀಪದಲ್ಲಿದ್ದ ಕಮ್ಮಾರನ ಕುಲುಮೆಗೆ ಕರೆತಂದು, ಕಾಸಿದ ಕಬ್ಬಿಣದಿಂದ ಗಾಯಗಳನ್ನು ಸುಟ್ಟರು. ಆ ಕಾಲದ ಚಿಕಿತ್ಸೆಯೇ ಅದು. ಹುಡುಗ ಆ ಕೂಗನ್ನು ಕೇಳಿದನು. ಆ ತೋಳಕ್ಕೆ ತುತ್ತಾಗಿ ಸುತ್ತಲ ಹಳ್ಳಿಗಳಲ್ಲಿ ಎಂಟು ಮಂದಿ ನೀರನ್ನು ಕಂಡರೆ ಬೆಚ್ಚುವ ಆ ಘೋರ ರೋಗದಿಂದ ಸತ್ತರು.

ಮುಂದಿನ ಇಪ್ಪತ್ತು ವರ್ಷಗಳ ವಿದ್ಯಾಭ್ಯಾಸ ಮತ್ತು ಕೀರ್ತಿಯ ಕಥೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. 1843ರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸೇರಿದನು; 1848ರಲ್ಲಿ, ಕನ್ನಡಿಯ ಬಿಂಬದಂತೆ ಪರಸ್ಪರ ತಿರುವಾಗಿರುವ ಎರಡು ಬಗೆಯ ಹರಳುಗಳನ್ನು ಬೇರ್ಪಡಿಸಿ ಹಿರಿಯ ರಸಾಯನಶಾಸ್ತ್ರಿಗಳನ್ನು ಬೆರಗುಗೊಳಿಸಿದನು; 1849ರಲ್ಲಿ ಮರೀ ಲೋರಾನಳನ್ನು ಮದುವೆಯಾದನು. ಈ ಸಾಧ್ವಿ ಗಂಡನ ಟಿಪ್ಪಣಿಗಳನ್ನು ಬರೆದುಕೊಳ್ಳುವುದರಿಂದ ಮೊದಲ್ಗೊಂಡು ರೇಷ್ಮೆಹುಳು ಸಾಕುವವರೆಗೆ ಎಲ್ಲಕ್ಕೂ ಹೆಗಲು ಕೊಟ್ಟಳು. ದ್ರಾಕ್ಷಾರಸ ಹುಳಿಯುವುದೂ ಹಾಲು ಒಡೆಯುವುದೂ ಕಣ್ಣಿಗೆ ಕಾಣದ ಜೀವಿಗಳ ಕೆಲಸವೆಂದು ತೋರಿಸಿದ್ದು ಆ ಬಳಿಕ. 1859ರಿಂದ 1866ರ ಒಳಗೆ ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳನ್ನು ದಂಪತಿಗಳು ಕಳೆದುಕೊಂಡರು. ಸಾಂಕ್ರಾಮಿಕ ರೋಗದ ಮಾತು ಪಾಶ್ಚರನಿಗೆ ಬರಿಯ ವಿದ್ವತ್ತಿನ ಮಾತಾಗಿರಲಿಲ್ಲವೆಂಬುದನ್ನು ಅವನ ಜೀವನವನ್ನು ಓದುವವರು ನೆನಪಿನಲ್ಲಿಡಬೇಕು.

ರಸಾಯನಶಾಸ್ತ್ರಿಯನ್ನು ಹಳ್ಳಿಗೆ ತಂದದ್ದು ರೇಷ್ಮೆಹುಳು. ಫ್ರಾನ್ಸಿನ ದಕ್ಷಿಣದಲ್ಲಿ ಹುಳುಗಳ ಮೈಮೇಲೆ ಮೆಣಸು ಚೆಲ್ಲಿದಂತೆ ಕಪ್ಪು ಚುಕ್ಕೆಗಳೆದ್ದು ಗೂಡು ಕಟ್ಟುವ ಮೊದಲೇ ಸಾಯತೊಡಗಿದ್ದವು. ನಮ್ಮ ರೇಷ್ಮೆಗಾರರು ಗಂಟುರೋಗವೆನ್ನುವ ರೋಗವಿದು. ಹಿಪ್ಪುನೇರಿಳೆಯನ್ನೇ ನಂಬಿದ್ದ ಕುಟುಂಬಗಳು ಹಾಳಾದುವು. 1865ರಲ್ಲಿ ಗುರುವಾದ ಡುಮಾನ ಮಾತಿಗೆ ಕಟ್ಟುಬಿದ್ದು ಪಾಶ್ಚರನು ಆಲೆಸ್ ಪಟ್ಟಣಕ್ಕೆ ಹೋದಾಗ ಅವನು ಜೀವದಲ್ಲಿ ರೇಷ್ಮೆಹುಳುವನ್ನು ಮುಟ್ಟಿದವನಲ್ಲ. ಐದು ವರ್ಷಗಳ ಪರಿಶ್ರಮದಿಂದ ಅವನು ಕೊಟ್ಟ ಉಪಾಯ ಸರಳವಾದದ್ದು: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು; ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ರೈತರಿಗೆ ಸೂಕ್ಷ್ಮದರ್ಶಕವೆಲ್ಲಿ ಬಂದೀತೆಂದು ಜನ ನಕ್ಕರು. ತನ್ನ ಪ್ರಯೋಗಶಾಲೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅದನ್ನು ಬಳಸುತ್ತಿದ್ದಾಳೆಂದು ಪಾಶ್ಚರನು ಉತ್ತರ ಕೊಟ್ಟನು. ಕರ್ನಾಟಕದ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ನಡೆಯುವ ತಾಯಿಚಿಟ್ಟೆಯ ಪರೀಕ್ಷೆ ಈ ಉಪಾಯದಿಂದ ಬಂದುದೇ. ಈ ಕೆಲಸದ ನಡುವೆ, 1868ರ ಅಕ್ಟೋಬರಿನಲ್ಲಿ, ಅವನಿಗೆ ಪಾರ್ಶ್ವವಾಯು ಬಡಿಯಿತು. ಉಳಿದ ಇಪ್ಪತ್ತೇಳು ವರ್ಷಗಳ ಕೆಲಸವೆಲ್ಲ ಆ ಊನವಾದ ದೇಹದಿಂದಲೇ ನಡೆದದ್ದು.

ಇನ್ನು ಬೋಸ್ ಸೀಮೆಗೆ ಬರೋಣ. ನೆರಡಿಯಿಂದ ಸತ್ತ ಪ್ರಾಣಿಯ ರಕ್ತದಲ್ಲಿ ಸಣ್ಣ ಕಡ್ಡಿಯಂಥ ಜೀವಿಗಳಿರುವುದನ್ನು 1850ರಷ್ಟು ಹಿಂದೆಯೇ ಫ್ರಾನ್ಸಿನ ವೈದ್ಯರು ಕಂಡಿದ್ದರು. ಆ ಕಡ್ಡಿಗಳು ಅನನುಕೂಲ ಕಾಲದಲ್ಲಿ ಗಟ್ಟಿಯಾದ ಬೀಜಕಗಳಾಗಿ ನಿದ್ರಿಸುವುವೆಂದೂ ಅನುಕೂಲ ದೊರೆತಾಗ ಮತ್ತೆ ಚಿಗುರುವುವೆಂದೂ 1876ರಲ್ಲಿ ತೋರಿಸಿದವನು ಜರ್ಮನಿಯ ಹಳ್ಳಿಗಾಡಿನ ವೈದ್ಯ ರಾಬರ್ಟ್ ಕಾಕ್. ಈ ಕೀರ್ತಿ ಕಾಕನಿಗೇ ಸಲ್ಲತಕ್ಕದ್ದು. ಪಾಶ್ಚರನು ಮರುವರ್ಷವೇ ಒಂದು ತೊಟ್ಟು ರಕ್ತವನ್ನು ಸಾರಿನಿಂದ ಸಾರಿಗೆ ಹಲವು ಬಾರಿ ದಾಟಿಸಿ, ಮೂಲ ರಕ್ತದ ಲೇಶವೂ ಉಳಿಯದಂತೆ ಮಾಡಿದ ಮೇಲೂ ಅದು ಕೊಲ್ಲಬಲ್ಲುದೆಂದು ತೋರಿಸಿ, ಜೀವಿಯೇ ರೋಗಕ್ಕೆ ಕಾರಣವೆಂಬ ಮಾತಿಗೆ ಕೊನೆಯ ಮೊಳೆ ಹೊಡೆದನು. ಆದರೆ ಒಕ್ಕಲಿಗನ ಪ್ರಶ್ನೆ ಬೇರೆ. ಜೀವಿಯಿರಲಿ, ಅದು ನನ್ನ ಹೊಲಕ್ಕೆ ಏಕೆ ಬರುತ್ತದೆ? ಪಕ್ಕದ ಹೊಲಕ್ಕೆ ಏಕೆ ಬರುವುದಿಲ್ಲ?

ಪ್ರಯೋಗಶಾಲೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಶಾರ್ತ್ರಿನ ಬಳಿ ಸ್ಯಾನ್ ಜೆರ್ಮನ್ ಎಂಬ ತೋಟದಲ್ಲಿ ಪಾಶ್ಚರನೂ ಅವನ ಶಿಷ್ಯರಾದ ಎಮಿಲ್ ರೂ, ಶಾಂಬರ್ಲಾನ್ ಮುಂತಾದವರೂ ಮಂದೆಯೊಂದನ್ನು ಇಟ್ಟುಕೊಂಡು ಬೇಸಗೆ ಕಳೆದರು. ರೋಗಾಣು ಚಿಮುಕಿಸಿದ ಕುದುರೆಮಸಾಲೆ ಸೊಪ್ಪನ್ನು ತಿನಿಸಿದರೆ ಕೆಲವೇ ಕುರಿಗಳು ಸತ್ತವು. ಅದೇ ಸೊಪ್ಪಿಗೆ ಮುಳ್ಳುಗಿಡವನ್ನೂ ಜವೆಯ ಚೂಪು ತೆನೆಗಳನ್ನೂ ಬೆರೆಸಿ ತಿನಿಸಿದರೆ ಹೆಚ್ಚು ಸತ್ತವು. ಬಾಯಿಯ ಸಣ್ಣ ಗೀರುಗಳೇ ರೋಗದ ಬಾಗಿಲೆಂದು ತಿಳಿಯಿತು. ಪಾಶ್ಚರನು ಕುರಿಗಾಹಿಗಳೊಡನೆ ಬಹಳ ಹೊತ್ತು ಮಾತನಾಡುವನು. ದಿನವಿಡೀ ಒಂಟಿಯಾಗಿ ಮಂದೆಯನ್ನೇ ನೋಡುತ್ತಿರುವವನ ಕಣ್ಣು ಪಂಡಿತನ ಕಣ್ಣಿಗಿಂತ ಮೊನಚೆಂಬುದು ಅವನ ಭಾವನೆಯಾಗಿತ್ತು. ಪಂಡಿತರೊಡನೆ ಅವನು ಇಷ್ಟು ತಾಳ್ಮೆಯಿಂದ ನಡೆದುಕೊಂಡದ್ದು ಅಪರೂಪ. ವಿದ್ವತ್ಸಭೆಗಳಲ್ಲಿ ಅವನ ಕೋಪವು ಪ್ರಸಿದ್ಧವಾಗಿತ್ತು.

ಒಂದು ದಿನ ಕೊಯ್ಲಾದ ಹೊಲದಲ್ಲಿ ನಡೆಯುತ್ತಿದ್ದಾಗ ಒಂದೆಡೆ ಮಣ್ಣಿನ ಬಣ್ಣ ತುಸು ಬೇರೆಯಾಗಿರುವುದು ಅವನ ಕಣ್ಣಿಗೆ ಬಿತ್ತು. ಹೊಲದ ಒಡೆಯನನ್ನು ಕೇಳಲು, ಹಿಂದಿನ ವರ್ಷ ನೆರಡಿಯಿಂದ ಸತ್ತ ಕುರಿಗಳನ್ನು ಹೂಳಿದ ಜಾಗ ಅದೆಂದು ಹೇಳಿದನು. ಪಾಶ್ಚರನು ಬಗ್ಗಿ ನೋಡಿದನು. ಎರೆಹುಳುಗಳು ಹೊರಹಾಕಿದ ಸಣ್ಣ ಸಣ್ಣ ಮಣ್ಣಿನ ಸುರುಳಿಗಳು ಅಲ್ಲಿ ತುಂಬಿದ್ದವು. ಹೆಣದ ಸುತ್ತಲ ಮಣ್ಣನ್ನು ನುಂಗಿದ ಎರೆಹುಳು ಅದರೊಡನೆ ಬೀಜಕಗಳನ್ನೂ ಮೇಲಕ್ಕೆ ತಂದು ಹುಲ್ಲಿನ ಬುಡದಲ್ಲಿ ಬಿಡುತ್ತಿರಬಹುದಲ್ಲವೆ? ಆ ಸುರುಳಿಗಳ ಮಣ್ಣನ್ನು ತೊಳೆದು ಸಣ್ಣ ಪ್ರಾಣಿಗಳಿಗೆ ಚುಚ್ಚಲು ಅವು ನೆರಡಿಯಿಂದ ಸತ್ತವು. ಜುರಾದಲ್ಲಿ ಹೆಣ ಹೂಳಿದ ಗುಂಡಿಗಳ ಮೇಲೆ ಕುರಿಗಳನ್ನು ಕಟ್ಟಿ, ಕೆಲವೇ ಮಾರು ಆಚೆಗೆ ಬೇರೆ ಕುರಿಗಳನ್ನು ಕಟ್ಟಿ, ಎರಡನ್ನೂ ಹೋಲಿಸಿ ನೋಡಿದನು. ಶಾಪವು ಆಕಾಶದಿಂದ ಬಂದುದಲ್ಲವೆಂದೂ ಒಕ್ಕಲಿಗನು ತನ್ನ ಕೈಯಿಂದಲೇ ಹೊಲದಲ್ಲಿ ಬಿತ್ತಿದುದೆಂದೂ ಹೀಗೆ ತೋರಿಬಂದಿತು.

ಎರೆಹುಳುವಿಗೆ ಪಾಶ್ಚರನು ಕೊಟ್ಟಷ್ಟು ಮಹತ್ವವನ್ನು ಕಾಕ್ ಒಪ್ಪಲಿಲ್ಲ. ಮಳೆನೀರು, ಪ್ರವಾಹ, ಬರಗಾಲದಲ್ಲಿ ಬುಡಮಟ್ಟ ಮೇಯುವುದು ಮೊದಲಾದ ಕಾರಣಗಳೂ ಸೇರುವುವೆಂದು ಇಂದಿನ ಶಾಸ್ತ್ರವು ಹೇಳುತ್ತದೆ. ಆದರೆ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುವುವೆಂಬುದರಲ್ಲಿ ಸಂದೇಹವಿಲ್ಲ. ಸತ್ತ ಪ್ರಾಣಿಯನ್ನು ಮೇವಿನ ಹೊಲದಲ್ಲಿ ಹೂಳಬೇಡಿರೆಂದು ಪಾಶ್ಚರನು ರೈತರಿಗೆ ಕೊಟ್ಟ ಬುದ್ಧಿವಾದ ಇಂದಿಗೂ ಹಳತಾಗಿಲ್ಲ. ನೆರಡಿಯೆಂಬ ಅನುಮಾನವಿದ್ದರೆ ಹೆಣವನ್ನು ಕೊಯ್ಯಬಾರದು, ತೊಗಲು ಸುಲಿಯಬಾರದು, ಮಾಂಸ ಹಂಚಿಕೊಳ್ಳಬಾರದು, ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು ಎಂದು ನಮ್ಮ ಪಶುವೈದ್ಯರು ಹೇಳುವುದೂ ಇದನ್ನೇ. ಕೊಯ್ದಾಗ ರಕ್ತಕ್ಕೆ ಗಾಳಿ ತಗಲುವುದು. ಗಾಳಿ ತಗಲಿದೊಡನೆ ಬೀಜಕ ಕಟ್ಟುವುದು. ಬಡವನಿಗೆ ಸತ್ತ ಕುರಿಯ ತೊಗಲೂ ಒಂದು ಆಸ್ತಿ. ಅದನ್ನು ಬಿಡೆಂದು ಹೇಳುವುದು ಸುಲಭವಲ್ಲ.

ಈ ವರ್ಷಗಳ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಕೋಳಿಗೆ ನೆರಡಿ ತಗಲುವುದಿಲ್ಲವೆಂದು ಪಾಶ್ಚರನು ಹೇಳಲು, ಪಶುವೈದ್ಯಶಾಲೆಯ ಪ್ರಾಧ್ಯಾಪಕ ಕೊಲಾನನು ತಾನು ತಗಲಿಸಿ ತೋರಿಸುವೆನೆಂದು ಪಣತೊಟ್ಟನು. ವಾರಗಳು ಕಳೆದರೂ ಸತ್ತ ಕೋಳಿ ಬರಲಿಲ್ಲ. ಕಡೆಗೆ 1878ರ ಮಾರ್ಚ್ ತಿಂಗಳಲ್ಲಿ ಪಾಶ್ಚರನೇ ವೈದ್ಯಕೀಯ ಅಕಾಡೆಮಿಗೆ ಪಂಜರ ಹಿಡಿದು ಬಂದನು. ಒಳಗೆ ಒಂದು ಸತ್ತ ಕೋಳಿ, ಎರಡು ಬದುಕಿದವು. ಕೋಳಿಯ ಮೈಶಾಖ ಹೆಚ್ಚಾದುದರಿಂದ ರೋಗಾಣು ಅಲ್ಲಿ ಬೆಳೆಯದೆಂದು ಊಹಿಸಿ, ರೋಗಾಣು ಚುಚ್ಚಿದ ಕೋಳಿಯನ್ನು ತಣ್ಣೀರಿನಲ್ಲಿ ನಿಲ್ಲಿಸಿ ಮೈ ತಂಪುಮಾಡಿದ್ದನು, ಅದು ಸತ್ತಿತು. ಚುಚ್ಚಿಯೂ ತಣ್ಣೀರಿಗೆ ಬಿಡದ ಕೋಳಿಯೂ, ಚುಚ್ಚದೆ ತಣ್ಣೀರಿಗೆ ಬಿಟ್ಟ ಕೋಳಿಯೂ ಪಂಜರದಲ್ಲಿ ಆರೋಗ್ಯವಾಗಿ ನಿಂತಿದ್ದವು. ಘನ ಪಂಡಿತರ ಸಭೆಯಲ್ಲಿ ಇಂಥ ದೃಶ್ಯ ದಿನವೂ ಸಿಕ್ಕುವುದಿಲ್ಲ.

ಕಾರಣ ತಿಳಿಯಿತು, ತಡೆಯುವುದು ಹೇಗೆ? ಜುರಾದ ಪಶುವೈದ್ಯನೊಬ್ಬನು ನೆರಡಿ ತಗಲಿದ ಹಸುಗಳಿಗೆ ಮೈ ಗೀರಿ ಟರ್ಪೆಂಟೈನ್ ತಿಕ್ಕಿ ಬಿಸಿ ಶಾಖ ಕೊಟ್ಟು ಗುಣಪಡಿಸುವೆನೆನ್ನುತ್ತಿದ್ದನು. ಪಾಶ್ಚರನು ಹೋಗಿ ಪರೀಕ್ಷಿಸಿದನು. ಔಷಧವಿಲ್ಲದ ಹಸುವೂ ಬದುಕಿತು, ಔಷಧ ಪಡೆದ ಹಸುವೂ ಸತ್ತಿತು, ಚಿಕಿತ್ಸೆಯಲ್ಲಿ ಹುರುಳಿಲ್ಲವೆಂದಾಯಿತು. ಆದರೆ ಬದುಕಿ ಉಳಿದ ಹಸುಗಳಿಗೆ ಮತ್ತೊಮ್ಮೆ ಬಲವಾದ ವಿಷವನ್ನು ಚುಚ್ಚಿದಾಗ ಅವುಗಳಿಗೆ ಏನೂ ಆಗಲಿಲ್ಲ. ಸುಳ್ಳು ಮದ್ದಿನ ಬೆನ್ನಹಿಂದೆ ಹೋದವನ ಕೈಗೆ ನಿಜವಾದ ಸುಳಿವು ಸಿಕ್ಕಿತು: ಒಮ್ಮೆ ಬಂದ ರೋಗ ಮತ್ತೊಮ್ಮೆ ಬಾರದು. ಇಷ್ಟರಲ್ಲಿಯೇ ಕೋಳಿಗಳ ಕಾಲರಾ ರೋಗಾಣು ಹಳತಾದರೆ ಕೊಲ್ಲುವ ಶಕ್ತಿ ಕಳೆದುಕೊಂಡು ಕಾಯುವ ಶಕ್ತಿ ಪಡೆಯುವುದನ್ನು ಅವನು ಕಂಡಿದ್ದನು.

ಇಲ್ಲಿ ಇನ್ನೊಬ್ಬನ ಹೆಸರನ್ನು ಹೇಳಬೇಕು. ತುಲೂಸಿನ ಯುವಕ ಪಶುವೈದ್ಯ ಹೆನ್ರಿ ತೂಸಾನ್ 1880ರ ಬೇಸಗೆಯಲ್ಲಿ, ಪಾಶ್ಚರನಿಗಿಂತ ಮೊದಲೇ, ನೆರಡಿಗೆ ಲಸಿಕೆಯೊಂದನ್ನು ಪ್ರಕಟಿಸಿದನು. ರೋಗದ ರಕ್ತವನ್ನು ಕಾಯಿಸಿ ಇಲ್ಲವೆ ಕಾರ್ಬಾಲಿಕ್ ಆಮ್ಲ ಬೆರೆಸಿ ಮಾಡಿದ ಲಸಿಕೆ ಅದು. ಅದರ ಫಲ ಒಮ್ಮೊಮ್ಮೆ ಅನಿಶ್ಚಿತವಾಗಿತ್ತೆಂಬುದು ನಿಜ. ಪಾಶ್ಚರನು ಅದನ್ನು ತಳ್ಳಿಹಾಕಿದನು. 1881ರ ಫೆಬ್ರವರಿ 28ರಂದು ತನ್ನ ಲಸಿಕೆಯನ್ನು ಸಾರಿದನು. 42ರಿಂದ 43 ಡಿಗ್ರಿ ಶಾಖದಲ್ಲಿ ಗಾಳಿಯ ಸಂಪರ್ಕದಿಂದ ರೋಗಾಣುವನ್ನು ದಿನದಿನಕ್ಕೆ ಬಲಗುಂದಿಸುವ ಕ್ರಮವೆಂದು ವಿವರಿಸಿದನು.

ಮೆಲನ್ ಪಟ್ಟಣದ ಕೃಷಿ ಸಂಘದಲ್ಲಿ ರೊಸಿನ್ಯೋಲ್ ಎಂಬ ಪಶುವೈದ್ಯನಿದ್ದನು. ಸೂಕ್ಷ್ಮಜೀವಿಯ ಹೊಸ ಮತವನ್ನು ಅವನು ನಂಬಿದವನಲ್ಲ. ನಿಜವಾದರೆ ಎಲ್ಲರ ಮುಂದೆ ತೋರಿಸಲಿ ಎಂದು ಪೂಯಿ-ಲ-ಫೋರ್ ಎಂಬಲ್ಲಿದ್ದ ತನ್ನ ತೋಟವನ್ನೇ ಪ್ರಯೋಗಕ್ಕೆ ಕೊಡಮುಂದಾದನು. ಶಿಷ್ಯರಿಗೆ ಎದೆ ನಡುಗಿತು. ಪ್ರಯೋಗಶಾಲೆಯಲ್ಲಿ ಕೆಲವೇ ಕುರಿಗಳ ಮೇಲೆ ನಡೆದದ್ದು ಹೊಲದಲ್ಲಿ, ಜಾತ್ರೆಯ ನಡುವೆ, ನಡೆಯುವುದೆ? ಪಾಶ್ಚರನು ಎರಡನೆಯ ಮಾತಿಲ್ಲದೆ ಒಪ್ಪಿಕೊಂಡನು. ಒಪ್ಪಿದ್ದು ಮಾತ್ರವಲ್ಲ, ಫಲ ಹೀಗೆ ಹೀಗೆಯೇ ಆಗುವುದೆಂದು ಮುಂಗಡವಾಗಿ ಬರೆದುಕೊಟ್ಟನು. ಇದು ಧೈರ್ಯವೋ ಅಹಂಕಾರವೋ ಎಂದು ಗೆರೆ ಎಳೆಯುವುದು ಕಷ್ಟ.

ಒಟ್ಟು ಐವತ್ತು ಪ್ರಾಣಿಗಳು, ಅವುಗಳಲ್ಲಿ ಎರಡು ಆಡು, ಉಳಿದವು ಕುರಿ. ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಇಲ್ಲ. ಜೊತೆಗೆ ಹತ್ತು ದನಗಳಲ್ಲಿ ಆರಕ್ಕೆ ಲಸಿಕೆ, ನಾಲ್ಕಕ್ಕೆ ಇಲ್ಲ. ಮೇ 5ರಂದು ಮೊದಲ ಲಸಿಕೆ, 17ರಂದು ಎರಡನೆಯದು. ಮೇ 31ರಂದು ಎಲ್ಲವಕ್ಕೂ ಕೊಲ್ಲುವ ವಿಷ. ಮೋಸ ನಡೆಯದಂತೆ ಎದುರಾಳಿಗಳು ಕಾವಲಿದ್ದರು. ಸೀಸೆಯ ಮೇಲ್ಭಾಗದ ದ್ರವ ನಿರುಪದ್ರವಿಯಾಗಿದ್ದು ವಿಷವೆಲ್ಲ ತಳದಲ್ಲಿರಬಹುದೆಂಬ ಶಂಕೆಯಿಂದ ಒಬ್ಬ ಪಶುವೈದ್ಯನು ಸೀಸೆಯನ್ನು ಚೆನ್ನಾಗಿ ಕುಲುಕಿಸಿದನು. ಹೆಚ್ಚು ಪ್ರಮಾಣದಲ್ಲಿ ಚುಚ್ಚಬೇಕೆಂದನು. ಲಸಿಕೆಯದೊಂದು, ಲಸಿಕೆಯಿಲ್ಲದ್ದೊಂದು ಎಂದು ಸರದಿಯಂತೆ ಚುಚ್ಚಬೇಕೆಂದನು. ಪಾಶ್ಚರನು ಎಲ್ಲಕ್ಕೂ ಆಗಲೆಂದನು.

ಜೂನ್ 1ರ ಸಂಜೆ ಪ್ಯಾರಿಸ್ಸಿಗೆ ಕೆಟ್ಟ ಸುದ್ದಿ ಬಂದಿತು: ಲಸಿಕೆ ಹಾಕಿದ ಕುರಿಗಳಲ್ಲಿ ಕೆಲವಕ್ಕೆ ಜ್ವರ, ಒಂದಂತೂ ಉಳಿಯುವಂತಿಲ್ಲ. ಅಷ್ಟು ಹೊತ್ತು ಬಂಡೆಯಂತಿದ್ದ ಪಾಶ್ಚರನು ಕುಸಿದನು. ಎಮಿಲ್ ರೂ ಅಜಾಗರೂಕತೆ ಮಾಡಿದನೆಂದು ಎಲ್ಲರೆದುರಿಗೆ ಬೈದನು. ನಾಳೆ ತಾನು ಬರುವುದಿಲ್ಲವೆಂದೂ, ಅಪಮಾನವನ್ನು ರೂ ಒಬ್ಬನೇ ಎದುರಿಸಲೆಂದೂ ಹೇಳಿದನು. ಮಹಾಪುರುಷರ ಚರಿತ್ರೆಯಲ್ಲಿ ಇಂಥ ಗಳಿಗೆಗಳನ್ನು ಮುಚ್ಚಿಡುವ ಪದ್ಧತಿಯುಂಟು. ನನಗಾದರೋ ಈ ರಾತ್ರಿಯಲ್ಲಿ ಪಾಶ್ಚರನು ಹೆಚ್ಚು ಹತ್ತಿರದವನಾಗಿ ಕಾಣುತ್ತಾನೆ. ಬೆಳಗ್ಗೆ ತಂತಿ ಬಂದಿತು. ಕಳಿಸಿದವನು ರೊಸಿನ್ಯೋಲನೇ, ಬೆರಗುಗೊಳಿಸುವ ಜಯವೆಂದು ತಿಳಿಸಿದ್ದನು.

ಜೂನ್ 2ರ ಮಧ್ಯಾಹ್ನ ಪಾಶ್ಚರನು ತೋಟದ ಅಂಗಳಕ್ಕೆ ಕಾಲಿಟ್ಟಾಗ ರೈತರು, ಪಶುವೈದ್ಯರು, ಅಧಿಕಾರಿಗಳು, ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರ ಎಲ್ಲರೂ ನೆರೆದಿದ್ದರು. ಲಸಿಕೆಯಿಲ್ಲದ ಕುರಿಗಳ ಹೆಣಗಳನ್ನು ಸಾಲಾಗಿ ಮಲಗಿಸಿತ್ತು. ಉಳಿದ ಎರಡು ಜನರ ಕಣ್ಣೆದುರಿಗೇ ಬಿದ್ದವು. ಕೊನೆಯದು ಸಂಜೆಯೊಳಗೆ ಸತ್ತಿತು. ಲಸಿಕೆ ಪಡೆದವೆಲ್ಲ ಅತ್ತ ಮೇಯುತ್ತಿದ್ದವು. ಅವುಗಳಲ್ಲಿ ಗಬ್ಬದ ಕುರಿಯೊಂದು ಮರುದಿನ ಸತ್ತಿತೆಂಬುದನ್ನೂ ಹೇಳಬೇಕು. ನೂರು ಉಪನ್ಯಾಸಗಳಿಂದ ಆಗದಿದ್ದುದು ಆ ಹೆಣಗಳ ಸಾಲಿನಿಂದ ಆಯಿತು. ಅಂದು ಹಿಂದಿರುಗಿದ ಒಕ್ಕಲಿಗನಿಗೆ ಸೂಕ್ಷ್ಮಜೀವಿಯೆಂದರೇನೆಂದು ಸರಿಯಾಗಿ ತಿಳಿದಿರಲಾರದು. ತನ್ನ ಮಂದೆ ಯಾವ ಕಡೆಯಿರಬೇಕೆಂಬುದು ತಿಳಿದಿತ್ತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಫ್ರಾನ್ಸಿನಲ್ಲಿ 30 ಲಕ್ಷಕ್ಕೂ ಮೀರಿ ಕುರಿಗಳಿಗೆ, 4 ಲಕ್ಷಕ್ಕೂ ಮೀರಿ ದನಗಳಿಗೆ ಲಸಿಕೆ ಬಿದ್ದು, ಕುರಿಗಳ ಸಾವು ನೂರಕ್ಕೆ ಒಂದರಷ್ಟಕ್ಕೆ ಇಳಿಯಿತು.

ಆ ಅಂಗಳದಲ್ಲಿ ನೆರೆದವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅಂದು ಬಳಸಿದ ಲಸಿಕೆ ಪಾಶ್ಚರನು ಫೆಬ್ರವರಿಯಲ್ಲಿ ವರ್ಣಿಸಿದ, ಗಾಳಿಯಿಂದ ಬಲಗುಂದಿಸಿದ ಲಸಿಕೆಯಲ್ಲ. ಅದು ಶಿಷ್ಯ ಶಾಂಬರ್ಲಾನನು ಪೊಟ್ಯಾಸಿಯಂ ಬೈಕ್ರೋಮೇಟ್ ಎಂಬ ರಾಸಾಯನಿಕದಿಂದ ಸಿದ್ಧಪಡಿಸಿದ್ದು. ಕ್ರಮದಲ್ಲಿ ಅದು ತೂಸಾನನ ಮಾರ್ಗಕ್ಕೆ ಹತ್ತಿರವಾದದ್ದು. ಪಾಶ್ಚರನು ಸುಳ್ಳು ಹೇಳಲಿಲ್ಲ. ಜನ ತಪ್ಪು ತಿಳಿದರೆ ತಿಳಿಯಲಿ ಎಂದು ಸುಮ್ಮನಿದ್ದನು. ತನ್ನ ದಿನಚರಿ ಪುಸ್ತಕಗಳನ್ನು ಹೊರಗಿನವರಿಗೆ ತೋರಿಸಬಾರದೆಂದು ಮನೆಯವರಿಗೆ ಹೇಳಿದ್ದನು. ಮೊಮ್ಮಗನು 1964ರಲ್ಲಿ ಅವನ್ನು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟನು. 1995ರಲ್ಲಿ ಜೆರಾಲ್ಡ್ ಗೈಸನ್ ಎಂಬ ಅಮೆರಿಕದ ಇತಿಹಾಸಕಾರನು ಅವನ್ನು ಆಧರಿಸಿ ಬರೆದ ಗ್ರಂಥದಿಂದ ಈ ವಿಷಯ ಲೋಕಕ್ಕೆಲ್ಲ ತಿಳಿಯಿತು. ಪಾಶ್ಚರನ ಹೆಂಡತಿಯ ಸಹೋದರಿಯ ಮಗ ಅದ್ರಿಯಾನ್ ಲ್ವಾರ್ 1938ರಲ್ಲಿಯೇ ಇದನ್ನು ಬರೆದಿದ್ದರೂ ಆಗ ಹೆಚ್ಚು ಮಂದಿ ಗಮನಿಸಿರಲಿಲ್ಲ.

ಇದನ್ನು ಹೇಗೆ ತೂಗಬೇಕು? ಕುರಿಗಳು ಬದುಕಿದ್ದು ನಿಜ. ರೈತನಿಗೆ ಯಾವ ದ್ರವವಾದರೇನು ಎಂದು ಕೆಲವರು ವಾದಿಸುವರು. ನನಗೆ ಆ ವಾದ ಸಾಲದು. ತೂಸಾನ್ ಮುಂದೆ ಮನೋರೋಗಕ್ಕೆ ತುತ್ತಾಗಿ 1890ರಲ್ಲಿ, ನಲವತ್ತಮೂರರ ಪ್ರಾಯದಲ್ಲಿ, ಕೀರ್ತಿಯ ಪಾಲಿಲ್ಲದೆ ಸತ್ತನು. ಅವನಿಗೆ ಸಲ್ಲಬೇಕಾದ ಒಂದು ಮಾತನ್ನು ಪಾಶ್ಚರನು ಅಂದು ಆ ಅಂಗಳದಲ್ಲಿ ಆಡಬಹುದಾಗಿತ್ತು. ಜೊತೆಗೆ, ಹೊಸ ಮದ್ದನ್ನು ತಂದವನು ಅದರ ವಿಷಯದಲ್ಲಿ ಏನನ್ನಾದರೂ ಮುಚ್ಚಿಟ್ಟಿದ್ದಾನೆಂದು ಹಳ್ಳಿಯವನಿಗೆ ಒಮ್ಮೆ ತಿಳಿದರೆ ಮುಂದಿನ ಮದ್ದಿಗೆ ಅವನು ಕೈ ಒಡ್ಡುವುದಿಲ್ಲ. ಪಾಶ್ಚರನ ಅದೃಷ್ಟ, ಅದು ತಿಳಿಯುವುದಕ್ಕೆ ನೂರು ವರ್ಷಗಳೇ ಬೇಕಾದವು.

ಕಾಕನೊಡನೆಯ ವೈರವೂ ಈ ಕಾಲದಲ್ಲಿಯೇ ಬೆಳೆಯಿತು. 1870ರ ಯುದ್ಧದಿಂದ ಫ್ರೆಂಚರಿಗೂ ಜರ್ಮನರಿಗೂ ಹಗೆಯಿತ್ತು. 1882ರಲ್ಲಿ ಜಿನೀವಾ ಸಭೆಯಲ್ಲಿ ಪಾಶ್ಚರನು ಜರ್ಮನ್ ಲೇಖನಗಳ ಸಂಗ್ರಹವೆಂದು ಫ್ರೆಂಚಿನಲ್ಲಿ ಹೇಳಿದ್ದು ಜರ್ಮನ್ ಗರ್ವವೆಂದು ಕಾಕನ ಕಿವಿಗೆ ಮುಟ್ಟಿತಂತೆ. ಆ ಎರಡು ಪದಗಳಿಗೆ ಆ ಭಾಷೆಯಲ್ಲಿ ಉಚ್ಚಾರದ ಅಂತರ ಬಹಳ ಕಡಮೆ. ಭಾಷೆ ಪಾಠಹೇಳುವ ನಮ್ಮಂಥವರಿಗೆ ಈ ಪ್ರಸಂಗ ಮರೆಯುವಂತಹುದಲ್ಲ.

ಪಾಶ್ಚರನು ಹುಚ್ಚುನಾಯಿಯ ರೋಗದ ಕಡೆಗೆ ತಿರುಗಿದ್ದು 1880ರ ಡಿಸೆಂಬರಿನಲ್ಲಿ. ಆ ರೋಗದಿಂದ ಸಾಯುತ್ತಿದ್ದವರ ಸಂಖ್ಯೆ ಹೆಚ್ಚಲ್ಲ. ಭೀತಿ ಮಾತ್ರ ಅಪಾರ. ಇಲ್ಲಿಯೂ ಮೊದಲ ಹೆಜ್ಜೆ ಪಶುವೈದ್ಯನದೇ: ಲಿಯೋನ್ ನಗರದ ಗಾಲ್ತಿಯೇ 1879ರಲ್ಲಿ ರೋಗವನ್ನು ಮೊಲಕ್ಕೆ ದಾಟಿಸಿದ್ದನು. ರೋಗದ ನೆಲೆ ಮಿದುಳೆಂದು ಊಹಿಸಿ ನಾಯಿಯ ತಲೆಬುರುಡೆಗೆ ರಂಧ್ರ ಕೊರೆದು ಚುಚ್ಚಬೇಕೆಂಬ ಮಾತು ಬಂದಾಗ ಪಾಶ್ಚರನಿಗೆ ಮನಸ್ಸು ಒಡಂಬಡಲಿಲ್ಲ. ಪ್ರಾಣಿಯ ನೋವನ್ನು ನೋಡಲಾರದ ಸ್ವಭಾವ ಅವನದು. ಅವನಿಲ್ಲದ ಹೊತ್ತಿನಲ್ಲಿ ರೂ ಆ ಕೆಲಸ ಮಾಡಿದನು. ಮರುದಿನ ನಾಯಿ ಬಾಲವಾಡಿಸುತ್ತ ಓಡಾಡುವುದನ್ನು ಕಂಡ ಮೇಲೆಯೇ ಗುರುವಿಗೆ ಸಮಾಧಾನ. ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರೆ ದಿನದಿಂದ ದಿನಕ್ಕೆ ಅದರ ವಿಷ ಇಳಿಯುವುದೆಂದು ಕಂಡುಬಂದಿತು. ಇದು ಕಣ್ಣಿಗೆ ಕಾಣುವ ಜೀವಿಯಲ್ಲ. ಆ ಕಾಲದ ಯಾವ ಸೂಕ್ಷ್ಮದರ್ಶಕಕ್ಕೂ ನಿಲುಕದ ವೈರಸ್. ಕಾಣದ ಶತ್ರುವಿಗೆ ಲಸಿಕೆ ಮಾಡಿದುದು ಅವನ ಬುದ್ಧಿಯ ಶಿಖರವೆನ್ನಬೇಕು.

1885ರ ಜುಲೈ 6ರಂದು ಆಲ್ಸಾಸ್ ಸೀಮೆಯ ಹಳ್ಳಿಯಿಂದ ತಾಯಿಯೊಬ್ಬಳು ಒಂಬತ್ತು ವರ್ಷದ ಮಗ ಜೋಸೆಫ್ ಮೇಸ್ತರನನ್ನು ಕರೆದುಕೊಂಡು ಬಂದಳು. ಎರಡು ದಿನಗಳ ಹಿಂದೆ ಹುಚ್ಚುನಾಯಿ ಅವನನ್ನು ಹದಿನಾಲ್ಕು ಕಡೆ ಕಚ್ಚಿತ್ತು. ಪಾಶ್ಚರನಿಗೆ ಮನುಷ್ಯನ ಮೈಗೆ ಸೂಜಿ ಚುಚ್ಚುವ ಅಧಿಕಾರವಿರಲಿಲ್ಲ. ಡಾಕ್ಟರ್ ಗ್ರಾಂಶೇ ಆ ಕೆಲಸ ಮಾಡಿದನು. ರೂ ದೂರ ನಿಂತನು. ನಾಯಿಗಳ ಮೇಲಿನ ಪ್ರಯೋಗ ಇನ್ನೂ ಪೂರ್ತಿಯಾಗಿಲ್ಲವೆಂಬುದು ಅವನ ಆಕ್ಷೇಪ. ದಿನಚರಿಗಳನ್ನು ನೋಡಿದರೆ ಅವನ ಆಕ್ಷೇಪ ನ್ಯಾಯವಾದದ್ದೇ ಎಂದು ತೋರುತ್ತದೆ. ಹತ್ತು ದಿನಗಳಲ್ಲಿ ಹದಿಮೂರು ಚುಚ್ಚುಮದ್ದು. ಮೊದಲು ಒಣಗಿದ ಹುರಿ, ಕಡೆಗೆ ಹಸಿಯದು. ಹುಡುಗ ಪ್ರಯೋಗಶಾಲೆಯ ಮೊಲಗಳೊಡನೆ ಆಡಿಕೊಂಡಿದ್ದನು. ಪಾಶ್ಚರನಿಗೆ ರಾತ್ರಿಗಳಲ್ಲಿ ನಿದ್ರೆಯಿಲ್ಲ. ಹುಡುಗ ಬದುಕಿದನು.

ಅಕ್ಟೋಬರಿನಲ್ಲಿ ಪಾಶ್ಚರನ ಸ್ವಂತ ಸೀಮೆಯಿಂದಲೇ ಇನ್ನೊಬ್ಬ ಬಂದನು. ಜ್ಯುಪೀ ಎಂಬ ಹದಿನೈದರ ಕುರಿಗಾಹಿ. ಹುಚ್ಚುನಾಯಿ ಚಿಕ್ಕ ಹುಡುಗರ ಮೇಲೆ ಏರಿಬಂದಾಗ ತಾನು ಅಡ್ಡ ನಿಂತು, ಅದರ ಬಾಯಿಯನ್ನು ಚಾವಟಿಯ ಬಾರಿನಿಂದ ಕಟ್ಟಿ, ಕಾಲಿನ ಮರದ ಪಾದುಕೆಯಿಂದ ಬಡಿದು ಕೊಂದಿದ್ದನು, ಕೈಗಳೆರಡೂ ಕಚ್ಚಿಹೋಗಿದ್ದವು. ಅವನೂ ಬದುಕಿದನು. ಕಚ್ಚಿದ ಮೂವತ್ತೇಳು ದಿನಗಳ ಮೇಲೆ ಬಂದ ಲೂಯಿಸ್ ಪೆಲ್ಲೆತಿಯೇ ಎಂಬ ಹತ್ತರ ಹುಡುಗಿಗೆ ಹಾಗಾಗಲಿಲ್ಲ. ಕಾಲ ಮೀರಿದೆಯೆಂದೂ, ಇವಳು ಸತ್ತರೆ ವಿರೋಧಿಗಳ ಬಾಯಿಗೆ ಸಿಕ್ಕುವೆನೆಂದೂ ತಿಳಿದಿದ್ದರೂ ಅವನು ಹಿಂದಕ್ಕೆ ಕಳಿಸಲಿಲ್ಲ. ಡಿಸೆಂಬರಿನಲ್ಲಿ ಅವಳ ಹಾಸಿಗೆಯ ಬಳಿ ಕೈಹಿಡಿದು ಕುಳಿತಿದ್ದನು.

1886ರ ಮಾರ್ಚಿನಲ್ಲಿ ರಷ್ಯದ ಸ್ಮೊಲೆನ್ಸ್ಕಿನಿಂದ ಹತ್ತೊಂಬತ್ತು ಮಂದಿ ಬಂದಿಳಿದರು. ಹುಚ್ಚುತೋಳ ಕಚ್ಚಿದ ಹಳ್ಳಿಗರು. ಅವರಿಗೆ ಬರುತ್ತಿದ್ದ ಫ್ರೆಂಚ್ ಮಾತು ಒಂದೇ, ಪಾಶ್ಚರನ ಹೆಸರು. ಹದಿನಾರು ಮಂದಿ ಜೀವಸಹಿತ ಊರಿಗೆ ಮರಳಿದರು. ರಷ್ಯದ ಚಕ್ರವರ್ತಿ ಕಳಿಸಿದ ಲಕ್ಷ ಫ್ರಾಂಕುಗಳೂ, ಬಡವರು ಕಳಿಸಿದ ಚಿಲ್ಲರೆ ಕಾಸುಗಳೂ ಸೇರಿ 25 ಲಕ್ಷ ಫ್ರಾಂಕಿಗೂ ಮಿಕ್ಕ ಹಣದಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ 1888ರ ನವೆಂಬರ್ 14ರಂದು ತೆರೆಯಿತು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಅದೇ ಹೆಸರಿನ ಸಂಸ್ಥೆಗಳಾದವು. ಕೂನೂರಿನದು ಬರುವವರೆಗೆ ದಕ್ಷಿಣದಲ್ಲಿ ನಾಯಿ ಕಚ್ಚಿಸಿಕೊಂಡವನು ಹಿಮಾಲಯದ ತಪ್ಪಲಿಗೆ ಹೋಗಬೇಕಾಗಿತ್ತು; ಹೋಗಬಲ್ಲವರು ಎಷ್ಟು ಮಂದಿ? ಮೆಣಸಿನ ಪುಡಿ, ಸುಣ್ಣ ಮೆತ್ತಿಕೊಂಡು ಮನೆಯಲ್ಲಿಯೇ ಉಳಿದವರೇ ಹೆಚ್ಚು. ಸೂಜಿ ಊರಿನ ಆಸ್ಪತ್ರೆಗೇ ಬಂದಿರುವ ಇಂದು ಕೂಡ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆಯುವುದಕ್ಕೆ ಬದಲು ಮೆಣಸಿನ ಪುಡಿ ಹುಡುಕುವ ಕೈಗಳು ಹಳ್ಳಿಗಳಲ್ಲಿ ಇವೆ.

ಪಾಶ್ಚರನು 1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಹೊರವಲಯದ ವಿಲ್‌ನ್ಯೂವ್ ಲೆತಾಂಗಿನಲ್ಲಿ ತೀರಿಕೊಂಡನು. ಆ ದಿನವನ್ನು ಲೋಕವು ಹುಚ್ಚುನಾಯಿ ರೋಗದ ವಿರುದ್ಧ ಜನರನ್ನು ಎಚ್ಚರಿಸುವ ದಿನವಾಗಿಯೂ, ಮೇಸ್ತರನಿಗೆ ಮೊದಲ ಸೂಜಿ ಬಿದ್ದ ಜುಲೈ 6ನ್ನು ಪ್ರಾಣಿಗಳಿಂದ ಹರಡುವ ರೋಗಗಳೆಲ್ಲದರ ದಿನವಾಗಿಯೂ ಆಚರಿಸುತ್ತದೆ. ದೇಹವನ್ನು ಸಂಸ್ಥೆಯ ನೆಲಮಾಳಿಗೆಯ ಸಮಾಧಿಯಲ್ಲಿ ಇರಿಸಲಾಗಿದೆ. ಕುರಿಗಾಹಿ ಜ್ಯುಪೀ ದೊಡ್ಡವನಾದ ಮೇಲೆ ಆ ಸಂಸ್ಥೆಯಲ್ಲಿಯೇ ಬಾಗಿಲು ಕಾಯುವ ಕೆಲಸಕ್ಕೆ ಸೇರಿದನು. ನಾಯಿಯೊಡನೆ ಸೆಣಸುವ ಅವನ ಪ್ರತಿಮೆ ಅಂಗಳದಲ್ಲಿದೆ. ಮೇಸ್ತರನೂ ಅಲ್ಲಿಯೇ ದ್ವಾರಪಾಲಕನಾಗಿದ್ದನು. 1940ರ ಜೂನಿನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸಿಗೆ ನುಗ್ಗಿದಾಗ, ಗುರುವಿನ ಸಮಾಧಿಯ ಬಾಗಿಲು ತೆಗೆಯಲೊಪ್ಪದೆ ಅವನು ಪ್ರಾಣಬಿಟ್ಟನೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ನಡೆದದ್ದು ಬೇರೆ. ಊರು ಬಿಟ್ಟು ಹೋದ ಹೆಂಡತಿಮಕ್ಕಳು ಬಾಂಬಿಗೆ ಸಿಕ್ಕಿ ಸತ್ತರೆಂದು ತಿಳಿದು, ಜೂನ್ 24ರಂದು ಅವನು ಪ್ರಾಣ ಕಳೆದುಕೊಂಡನು. ಅವರು ಬದುಕಿದ್ದರು.